ಗ್ರಂಥಪಾಲಕರ ಮನೆಯ ಹಳೇ ಕಾಗದಗಳಿಗೆ ಅಷ್ಟು ಬೆಲೆ ಯಾಕೆ? ಅಜ್ಜನ ಪೆಟ್ಟಿಗೆ ಏನು ಮಾಡಲಿ?

ನೀವು ಬಳ್ಳಾರಿಯವರು ಅಲ್ವಾ, ಬಿ.ಎಸ್. ಕೇಶವನ್ ಅವರಿಂದಲೇ ಶುರು ಮಾಡುತ್ತೇನೆ. ಆ 'ಬಿ' ಅಂದರೆ ಬಳ್ಳಾರಿ. ಪೂರ್ತಿ ಹೆಸರು ಬಳ್ಳಾರಿ ಶಾಮಣ್ಣ ಕೇಶವನ್. ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ಗ್ರಂಥಪಾಲಕರು. ಕಲ್ಕತ್ತಾದ ಇಂಪೀರಿಯಲ್ ಲೈಬ್ರರಿ 1948ರಲ್ಲಿ ರಾಷ್ಟ್ರೀಯ ಗ್ರಂಥಾಲಯವಾಗಿದ್ದು, 1953ರಲ್ಲಿ ಬೆಲ್ವೆಡಿಯರ್ ಬಂಗಲೆಯಲ್ಲಿ ಜನರಿಗೆ ತೆರೆದದ್ದು ಅವರ ಕಾಲದಲ್ಲೇ.

ಈ ಇಸವಿಗಳು ಸರ್ಕಾರಿ ಕಡತದಲ್ಲಿ ಸಿಗುತ್ತವೆ. ಆದರೆ ಅಂಥ ಕೆಲಸ ಮಾಡಿದವರ ಆತಂಕ, ಜಗಳ, ಖುಷಿ ಕಡತಕ್ಕೆ ಇಳಿಯುವುದಿಲ್ಲ. ಅದು ಸಿಗೋದು ಮನೆಗೆ ಬರೆದ ಪತ್ರ, ಡೈರಿ, ಭಾಷಣದ ಕರಡು, ಕಿರಾಣಿ ಲೆಕ್ಕದ ಪುಸ್ತಕದಲ್ಲಿ. ಅದಕ್ಕೇ ಈ ಬೆಲೆ.

ಊರಿನ ಲೈಬ್ರರಿಯಲ್ಲಿ ದುಡಿದ ನಿಮ್ಮ ಅಜ್ಜನ ಪೆಟ್ಟಿಗೆಯನ್ನೂ ದಯವಿಟ್ಟು ರದ್ದಿಗೆ ಹಾಕಬೇಡಿ. ಕಟ್ಟುಗಳು ಇದ್ದ ಕ್ರಮದಲ್ಲೇ ಇರಲಿ. ಯಾವ ಪತ್ರದ ಜೊತೆ ಯಾವುದಿತ್ತು ಅನ್ನೋದೇ ಅರ್ಧ ಮಾಹಿತಿ. ತುಕ್ಕು ಹಿಡಿದ ಪಿನ್ ಮೆಲ್ಲಗೆ ತೆಗೆಯಿರಿ. ಲ್ಯಾಮಿನೇಷನ್ ಬೇಡವೇ ಬೇಡ, ಆಮೇಲೆ ಬಿಡಿಸೋಕೆ ಆಗೋದಿಲ್ಲ. ನಮ್ಮ ಬಿಸಿಲಿಗೆ ಅಟ್ಟ ಹಂಚಿನಂತೆ ಕಾಯುತ್ತದೆ, ಪೆಟ್ಟಿಗೆ ಕೆಳಗಿಳಿಸಿ. ಗೋಡೆಗೆ ತಾಗಿಸಬೇಡಿ, ಗೆದ್ದಲು ಬರೋದು ಅಲ್ಲಿಂದಲೇ. ಮನೆಯ ಹಿರಿಯರನ್ನು ಇವತ್ತೇ ಕೂರಿಸಿಕೊಂಡು, ಫೋಟೋದಲ್ಲಿ ಇರೋರು ಯಾರ್ಯಾರು ಅಂತ ಕೇಳಿ, ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ.