ಕಾರ್ವ್‌ರೈಟ್ ಎಂಬ ಕಂಪ್ಯೂಟರ್ ನಿಯಂತ್ರಿತ ಮರಗೆತ್ತನೆ ಯಂತ್ರದಲ್ಲಿ 8 ಇಂಚಿನ ತುಂಡು ಹಲಗೆಯನ್ನು ಕೆತ್ತುವುದು ಹೇಗೆ?

ನೇರವಾಗಿ ಹಾಕಬೇಡಿ, ಸ್ಲೆಡ್ (ತುಂಡನ್ನು ಹೊತ್ತು ಯಂತ್ರದೊಳಗೆ ಸಾಗುವ ಉದ್ದನೆಯ ತಟ್ಟೆ) ಮಾಡಿಕೊಳ್ಳಿ. ಈ ಯಂತ್ರದಲ್ಲಿ ಬಿಟ್ (ಕೆತ್ತುವ ಅಲಗು) ಅಡ್ಡಕ್ಕೆ ಓಡಾಡುತ್ತದೆ, ಉದ್ದಕ್ಕೆ ಚಲಿಸುವುದು ಹಲಗೆಯೇ. ತುದಿ ಅದನ್ನು ಒತ್ತಿ ಹಿಡಿಯುವ ರೋಲರ್‌ನಿಂದ ಜಾರಿತೋ, ಹಲಗೆ ಅಲುಗಿ ಕೆತ್ತನೆಯಲ್ಲಿ ಮೆಟ್ಟಿಲು ಬೀಳುತ್ತದೆ. ಹಾಗಾಗಿ ಎರಡೂ ತುದಿಗೆ ತಲಾ ಮೂರೂವರೆ ಇಂಚು ಹೆಚ್ಚುವರಿ ಬೇಕು: 8 ಇಂಚಿನ ಕೆತ್ತನೆಗೆ ಸ್ಲೆಡ್ ಕನಿಷ್ಠ 15, ನಾನಾದರೆ 16 ಇಂಚು ಇಡುತ್ತೇನೆ.

ತಳಕ್ಕೆ 12 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಾಕು. ಎರಡು ಬದಿಗೂ ಪೂರ್ತಿ ಉದ್ದದ ಪಟ್ಟಿ ಅಂಟಿಸಿ. ಮೇಲಿನ ರೋಲರ್‌ಗಳು ಇವುಗಳ ಮೇಲೆಯೇ ಉರುಳಬೇಕು. ತುಂಡು 20 ಮಿ.ಮೀ. ದಪ್ಪವಿದ್ದರೆ ಪಟ್ಟಿಯೂ 20, ಕೂದಲೆಳೆಯಷ್ಟು ಹೆಚ್ಚಿದ್ದರೂ ಸರಿ, ಕಡಿಮೆ ಮಾತ್ರ ಬೇಡ. ತುಂಡು ಮೇಲೆದ್ದಿದ್ದರೆ ರೋಲರ್ ಅದರ ಅಂಚು ಹತ್ತಿ ಇಳಿಯುವಾಗಲೆಲ್ಲ ಕೆತ್ತನೆಯಲ್ಲಿ ಅಡ್ಡಗೆರೆ ಮೂಡುತ್ತದೆ. ಸ್ಲೆಡ್‌ನ ಹೊರ ಅಂಚುಗಳು ಸಮಾನಾಂತರವಾಗಿರಲಿ, ಇಲ್ಲದಿದ್ದರೆ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ.

ರೋಲರ್ ಒತ್ತಡ ಪಟ್ಟಿಯ ಮೇಲೆ ಹೋಗುವುದರಿಂದ ತುಂಡನ್ನು ಹಿಡಿದಿಡುವುದು ಅಂಟು ಮಾತ್ರ. ಎರಡೂ ಮುಖಕ್ಕೆ ಅಂಟಿರುವ (ಡಬಲ್ ಸೈಡೆಡ್) ಟೇಪಿನ ಜೊತೆ ಅಂಚಿಗೆ ಬಿಸಿ ಅಂಟು ಹಾಕಿ. ಫೆವಿಕಾಲ್ ಬೇಡ, ಆಮೇಲೆ ಬಿಡಿಸಲು ಉಳಿಯೇ ಬೇಕಾದೀತು. ಬಿಟ್ ಹೋಗುವ ದಾರಿಯಲ್ಲಿ ಸ್ಕ್ರೂ, ಮೊಳೆ ಇರಕೂಡದು.

ಸ್ಲೆಡ್ ತಳ ನುಣುಪಾಗಿದ್ದರೆ ಉದ್ದ ಅಳೆಯುವ ಹಿತ್ತಾಳೆ ರೋಲರ್ ಜಾರಿ ಲೆಕ್ಕ ತಪ್ಪುತ್ತದೆ. ಅದು ತಾಗುವ ಜಾಗಕ್ಕೆ ಉದ್ದಕ್ಕೂ ಒಂದು ಪಟ್ಟಿ ಮಾಸ್ಕಿಂಗ್ ಟೇಪ್ ಅಂಟಿಸಿ.