ಓದುಗರ ಪ್ರಶ್ನೆ: ಹೊಸ ಟೆಂಟು, ಹೊಸ ಬ್ಯಾಗು, ಮೊದಲ ರಾತ್ರಿ

ಪ್ರಶ್ನೆ: ಅಕ್ಟೋಬರ್ ಎರಡನೇ ವಾರ ಗೆಳೆಯರಿಬ್ಬರು ಒಂದು ರಾತ್ರಿಯ ಚಾರಣಕ್ಕೆ ಹೊರಟಿದ್ದೇವೆ. ಟೆಂಟ್, ಬ್ಯಾಗ್, ಸ್ಟೌ ಎಲ್ಲವೂ ಹೊಸದು. ಜೋಗಿಮಟ್ಟಿಯಲ್ಲೇ ಉಳಿಯಬಹುದೇ?
— ಓದುಗರು, ದಾವಣಗೆರೆ

ಉತ್ತರ: ಜೋಗಿಮಟ್ಟಿ ವನ್ಯಜೀವಿ ಧಾಮ, ಕರಡಿ, ಚಿರತೆ ಓಡಾಡುವ ಕಾಡು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ರಾತ್ರಿ ತಂಗುವಂತಿಲ್ಲ. ದುರ್ಗದ ಕೋಟೆಯೊಳಗೂ ಸಂಜೆಯ ಮೇಲೆ ಇರಲು ಬಿಡುವುದಿಲ್ಲ. ಎಲ್ಲ ಸಾಮಾನೂ ಹೊಸದಾಗಿರುವಾಗ ಹಗಲು ಬೆಟ್ಟ ಹತ್ತಿ, ರಾತ್ರಿ ತೋಟಕ್ಕೆ ಬನ್ನಿ. ಹೊಳಲ್ಕೆರೆ, ಚನ್ನಗಿರಿ ಕಡೆ ನೆಂಟರಿಷ್ಟರ ಹೊಲವೋ ತೋಟವೋ ಇದ್ದರೆ ಅವರನ್ನು ಕೇಳಿ ಅಲ್ಲೇ ಟೆಂಟ್ ಹಾಕಿ. ನಡುರಾತ್ರಿ ಏನಾದರೂ ಕೈಕೊಟ್ಟರೆ ಎದ್ದು ಹೋಗಿ ಜಗುಲಿಯ ಮೇಲೆ ಮಲಗಬಹುದು. ಸಾಮಾನು ಪರೀಕ್ಷೆ ಮಾಡುವ ರಾತ್ರಿಗೆ ಇಂಥ ದಾರಿಯೊಂದು ಇರಲೇಬೇಕು.

ತೆಂಗು, ಅಡಿಕೆ ಮರದ ಬುಡದಲ್ಲಿ ಮಾತ್ರ ಬೇಡ. ಒಣಗಿದ ಸೋಗೆಯೊಂದು ಬಿದ್ದರೂ ಟೆಂಟ್ ಹರಿಯುತ್ತದೆ, ಕಾಯಿ ಬಿದ್ದರೆ ಜೀವಕ್ಕೇ ಅಪಾಯ. ಹಳ್ಳದ ಮರಳು ಮೆತ್ತಗಿದೆ ಎಂದು ಅಲ್ಲಿಯೂ ಮಲಗಬೇಡಿ. ಹಸ್ತ, ಚಿತ್ತ ಮಳೆಯ ದಿನಗಳವು. ನಿಮ್ಮ ತಲೆಯ ಮೇಲೆ ಚುಕ್ಕಿ ಕಾಣುತ್ತಿದ್ದರೂ ಮೇಲೆಲ್ಲೋ ಸುರಿದ ಮಳೆಗೆ ಹಳ್ಳ ಬಂದುಬಿಡುತ್ತದೆ. ಸಿಡಿಲಿನ ಕಾಲವೂ ಹೌದು, ಗುಡ್ಡದ ನೆತ್ತಿ ಮತ್ತು ಒಂಟಿ ಮರ ಎರಡನ್ನೂ ಬಿಡಿ.

ಪ್ರಶ್ನೆ: ಹೊಸ ಟೆಂಟನ್ನು ತಾರಸಿಯ ಮೇಲೆ ಹಾಕಿ ಒಂದು ರಾತ್ರಿ ಮಲಗಿದೆವು. ಸಣ್ಣ ಮಳೆ ಬಂತು. ಬೆಳಿಗ್ಗೆ ಒಳಗೆಲ್ಲ ಒದ್ದೆ. ಟೆಂಟ್ ಕೆಟ್ಟದ್ದೇ?
— ಓದುಗರು, ಚಿತ್ರದುರ್ಗ

ಉತ್ತರ: ವಾಪಸು ಕಳಿಸುವ ಮೊದಲು ನೀರು ಎಲ್ಲಿಂದ ಬಂತು ಎಂದು ಹುಡುಕಿ. ದಾರಿ ಮೂರು.

ಮೇಲುಹೊದಿಕೆಯ ಒಳಮೈ ತುಂಬ ಒಂದೇ ಸಮ ಸಣ್ಣ ಹನಿ ಕೂತಿದ್ದರೆ ಅದು ಮಳೆಯಲ್ಲ, ನಿಮ್ಮದೇ ಉಸಿರು. ಉಸಿರು, ಮೈಬೆವರು ಸೇರಿ ಒಬ್ಬರಿಂದಲೇ ರಾತ್ರಿಗೆ ಒಂದು ಲೋಟದಷ್ಟು ನೀರು ಆವಿಯಾಗುತ್ತದೆ. ಅದು ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಮಳೆಯೆಂದು ಕಿಟಕಿಗಳನ್ನೆಲ್ಲ ಮುಚ್ಚಿದಷ್ಟೂ ಇದು ಹೆಚ್ಚು. ಮೇಲಿನ ಗಾಳಿಕಿಂಡಿ ತೆರೆದಿಡಿ, ಹೊದಿಕೆಯ ಹಗ್ಗಗಳನ್ನು ಬಿಗಿಯಾಗಿ ಎಳೆದು ಒಳಗೋಡೆಗೂ ಹೊದಿಕೆಗೂ ನಡುವೆ ನಾಲ್ಕು ಬೆರಳು ಸಂದು ಬಿಡಿ.

ಹನಿ ಹೊಲಿಗೆಯ ಗುಂಟ ಸಾಲಾಗಿ ನಿಂತಿದ್ದರೆ ಹೊಲಿಗೆ ಸೋರುತ್ತಿದೆ. ಹಗಲಲ್ಲಿ ಮತ್ತೆ ಟೆಂಟ್ ಹಾಕಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಿ, ಇನ್ನೊಬ್ಬರು ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಲಿ. ಸೋರುವ ಕಡೆ ಸೀಮೆಸುಣ್ಣದಿಂದ ಗುರುತು ಮಾಡಿ, ಒಣಗಿಸಿ, ಹೊಲಿಗೆಗೆ ಹಚ್ಚುವ ಅಂಟು ಬಳಿದು ಒಂದು ದಿನ ಬಿಡಿ. ಬಟ್ಟೆಗೆ ಸಿಲಿಕೋನ್ ಲೇಪವಿದ್ದರೆ ಸಿಲಿಕೋನ್ ಅಂಟೇ ಬೇಕು, ಪಾಲಿಯುರೆಥೇನ್ ಅಂಟು ಅದಕ್ಕೆ ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ.

ಮೂರನೆಯದು ತಪ್ಪಿನಿಂದಾಗುವುದು, ನಮ್ಮಲ್ಲಿ ಬಹಳ ಜನ ಮಾಡುವುದೂ ಇದನ್ನೇ. ಕೆಳಗೆ ಹಾಸಿದ ಟಾರ್ಪಾಲು ಟೆಂಟಿನ ಅಂಚಿನಿಂದ ಹೊರಗೆ ಚಾಚಿದ್ದರೆ, ಹೊದಿಕೆಯಿಂದ ಇಳಿದ ನೀರು ಅದರ ಮೇಲೆ ಬಿದ್ದು ನೇರ ನಿಮ್ಮ ಬೆನ್ನಡಿಗೆ ಹರಿಯುತ್ತದೆ. ಟಾರ್ಪಾಲು ಟೆಂಟಿನ ತಳಕ್ಕಿಂತ ಸುತ್ತಲೂ ಮೂರು ಬೆರಳು ಚಿಕ್ಕದಿರಬೇಕು. ದೊಡ್ಡದಿದ್ದರೆ ಅಂಚನ್ನು ಒಳಕ್ಕೆ, ಕೆಳಮುಖವಾಗಿ ಮಡಚಿ.

ಇನ್ನೊಂದು ಮಾತು. ಚಿತ್ರದುರ್ಗದ ಗುಡ್ಡಗಳಲ್ಲಿ ಗರಸಿನ ಕೆಳಗೆ ಒಂದು ಗೇಣಿಗೇ ಬಂಡೆ ಸಿಗುತ್ತದೆ. ಟೆಂಟಿನ ಜೊತೆ ಬಂದ ಅಲ್ಯೂಮಿನಿಯಂ ಗೂಟ ಬಾಗುತ್ತದೆ, ಇಳಿಯುವುದಿಲ್ಲ. ಹಗ್ಗವನ್ನು ದೊಡ್ಡ ಕಲ್ಲಿಗೇ ಸುತ್ತಿದರೆ ಗಾಳಿಗೆ ಒರಸಿ ಸವೆಯುತ್ತದೆ. ಹಗ್ಗದ ತುದಿಗೆ ಮುಷ್ಟಿಗಾತ್ರದ ಕಲ್ಲು ಕಟ್ಟಿ ನೆಲದ ಮೇಲಿಡಿ. ಅದರ ಮುಂದೆ, ಟೆಂಟಿನ ಕಡೆಗೆ, ಹಗ್ಗದ ಮೇಲೆ ಒಂದು ದೊಡ್ಡ ಕಲ್ಲು ಹೇರಿ. ಗಾಳಿ ಎಳೆದಂತೆಲ್ಲ ಚಿಕ್ಕ ಕಲ್ಲು ದೊಡ್ಡದಕ್ಕೆ ಒತ್ತಿ ಕಚ್ಚಿಕೊಳ್ಳುತ್ತದೆ. ಬಿಗಿ ಮಾಡಬೇಕೆಂದರೆ ಚಿಕ್ಕ ಕಲ್ಲನ್ನು ಹಿಂದಕ್ಕೆ ಸರಿಸಿದರಾಯಿತು. ತಾರಸಿಯ ಮೇಲೂ ಇದನ್ನು ಇಟ್ಟಿಗೆಯಿಂದ ಮಾಡಿ ನೋಡಬಹುದು.

ಪ್ರಶ್ನೆ: 50 ಲೀಟರಿನ ಬ್ಯಾಗ್ ಕೊಂಡೆ. ಅಂಗಡಿಯಲ್ಲಿ ಹಗುರವೆನಿಸಿತು, ಈಗ ಅರ್ಧ ಗಂಟೆಗೇ ಹೆಗಲು ಕಿತ್ತು ಬರುತ್ತದೆ.
— ಓದುಗರು, ಹರಿಹರ

ಉತ್ತರ: ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿಕೊಂಡಿರುತ್ತೀರಿ. ಭಾರ ಹೊರಬೇಕಾದ್ದು ಸೊಂಟ, ಹೆಗಲಲ್ಲ. ಎಲ್ಲ ಪಟ್ಟಿಗಳನ್ನೂ ಸಡಿಲ ಬಿಟ್ಟು ಬ್ಯಾಗ್ ಏರಿಸಿ. ಸೊಂಟಪಟ್ಟಿಯ ನಡುಭಾಗ ಸೊಂಟದ ಮೂಳೆಯ ದಿಣ್ಣೆಯ ಮೇಲೆ ಕೂರುವಂತೆ ಮೊದಲು ಅದನ್ನು ಬಿಗಿಯಿರಿ. ಆಮೇಲೆ ಭುಜಪಟ್ಟಿ, ಅದರ ಮೇಲಿನ ಸಣ್ಣ ಪಟ್ಟಿ, ಕೊನೆಗೆ ಎದೆಪಟ್ಟಿ. ಸರಿಯಾಗಿ ಕೂತರೆ ಭುಜಪಟ್ಟಿಯ ಅಡಿ ಬೆರಳು ಸಲೀಸಾಗಿ ಆಡುತ್ತದೆ. ಹೀಗೆ ಮಾಡಿಯೂ ಸೊಂಟಪಟ್ಟಿ ಹೊಟ್ಟೆಯ ಮೇಲೇ ನಿಂತರೆ ಬ್ಯಾಗ್ ನಿಮ್ಮ ಬೆನ್ನಿಗೆ ಗಿಡ್ಡ. ಬೆನ್ನಿನ ಅಳತೆ ಬದಲಿಸುವ ಸೌಲಭ್ಯ ಅದರಲ್ಲಿ ಇಲ್ಲದಿದ್ದರೆ ಬದಲಾಯಿಸಿಕೊಳ್ಳಿ.

ಪರೀಕ್ಷೆಗೆ ಒಂದು ಲೀಟರಿನ ಹತ್ತು ನೀರಿನ ಬಾಟಲಿ ತುಂಬಿ. ಹತ್ತು ಕಿಲೋ ಆಯಿತು. ಬೆಳಿಗ್ಗೆ ಕೋಟೆಯ ಮೆಟ್ಟಿಲು ಹತ್ತಿ ಇಳಿಯಿರಿ. ನೋವಾದರೆ ನೀರು ಚೆಲ್ಲಿದರಾಯಿತು. ಒಟ್ಟು ಭಾರ ಮೈತೂಕದ ಐದರಲ್ಲೊಂದು ಪಾಲು ದಾಟದಿರಲಿ. ನೀರು, ಊಟದಂಥ ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡು ಬ್ಯಾಗಿನ ನಡುಭಾಗದಲ್ಲಿ ಇರಬೇಕು. ಹೊರಜೇಬಿಗೆ ತುರುಕಿದರೆ ಬ್ಯಾಗ್ ಹಿಂದಕ್ಕೆ ಜಗ್ಗುತ್ತದೆ, ಆ ಜಗ್ಗಾಟವೇ ಹೆಗಲ ನೋವು.

ಪ್ರಶ್ನೆ: ಸಣ್ಣ ಗ್ಯಾಸ್ ಸ್ಟೌ ಗಾಳಿಗೆ ಆರುತ್ತಿದೆ. ಸುತ್ತ ತಗಡು ಕಟ್ಟಬಹುದೇ?
— ಓದುಗರು, ಹಿರಿಯೂರು

ಉತ್ತರ: ಸ್ಟೌ ಡಬ್ಬಿಯ ನೆತ್ತಿಯ ಮೇಲೇ ಕೂರುವಂಥದ್ದಾದರೆ ಸುತ್ತ ತಗಡು ಕಟ್ಟಲೇಬೇಡಿ. ಶಾಖ ಒಳಗೇ ನಿಂತು ಡಬ್ಬಿ ಕಾದು ಸಿಡಿಯಬಹುದು. ಗಾಳಿ ಬರುವ ಒಂದು ಕಡೆಗೆ ಮಾತ್ರ ಕಲ್ಲು ಅಡ್ಡ ಇಡಿ. ಆಗಾಗ ಡಬ್ಬಿ ಮುಟ್ಟಿ ನೋಡಿ, ಬಿಸಿಯೆನಿಸಿದರೆ ಆರಿಸಿ. ಮಳೆ ಬಂತೆಂದು ಟೆಂಟಿನೊಳಗೆ ಹಚ್ಚಬೇಡಿ: ಬೆಂಕಿಯಷ್ಟೇ ಅಲ್ಲ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಕೊಲ್ಲುತ್ತದೆ. ಹೊರಡುವ ಮುನ್ನ ಜೋಡಣೆಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಹೊಸ ಡಬ್ಬಿಯನ್ನು ತೂಗಿ ಅದರ ಮೇಲೇ ಬರೆದಿಡಿ, ಎಷ್ಟು ಗ್ಯಾಸ್ ಖರ್ಚಾಯಿತೆಂದು ಬಂದ ಮೇಲೆ ತಿಳಿಯುತ್ತದೆ. ಒಂದೇ ರಾತ್ರಿಗಾದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಕಟ್ಟಿಕೊಳ್ಳಿ. ಸ್ಟೌ ಕೈಕೊಟ್ಟರೂ ಉಪವಾಸವಿಲ್ಲ.

ಪ್ರಶ್ನೆ: ನೀರಿನ ಫಿಲ್ಟರ್ ಇದೆ. ಕೆರೆ, ಬೋರ್‌ವೆಲ್ ನೀರು ಸಾಕಲ್ಲವೇ?
— ಓದುಗರು, ಚಳ್ಳಕೆರೆ

ಉತ್ತರ: 0.1 ಮೈಕ್ರಾನಿನ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ವೈರಸ್ ತಡೆಯುವುದಿಲ್ಲ. ದನ ಇಳಿಯುವ ಕೆರೆಯ ನೀರನ್ನು ಸೋಸಿದ ಮೇಲೂ ಒಂದು ನಿಮಿಷ ಕೊತಕೊತ ಕುದಿಸಿ. ಕೆಂಪು ನೀರನ್ನು ನೇರ ಫಿಲ್ಟರಿಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ. ಮೊದಲು ತಿಳಿಯಾಗಲು ಬಿಟ್ಟು ಹಳೆ ಪಂಚೆಯಲ್ಲಿ ಸೋಸಿ. ನಮ್ಮ ಜಿಲ್ಲೆಯ ಹಲವು ಬೋರ್‌ವೆಲ್‌ಗಳಲ್ಲಿರುವ ಫ್ಲೋರೈಡ್ ಈ ಫಿಲ್ಟರಿಗೂ ಹೋಗದು, ಕುದಿಸಿದರೂ ಹೋಗದು. ಹಾಗಾಗಿ ತಲೆಗೆ ನಾಲ್ಕೈದು ಲೀಟರ್ ಮನೆಯಿಂದಲೇ ಹೊರಿ. ಫಿಲ್ಟರನ್ನು ಆಪತ್ತಿಗೆ ಇಟ್ಟುಕೊಳ್ಳಿ.