ಡನ್‌ಬ್ಲೇನ್ ನಂತರ ಪಿಸ್ತೂಲು ನಿಷೇಧ ಒಂದೇ ಏಟಿಗೆ ಆದದ್ದಲ್ಲ

ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡ ಆದ ಕೂಡಲೇ ಬ್ರಿಟನ್ ಪಿಸ್ತೂಲುಗಳನ್ನು ನಿಷೇಧಿಸಿತಾ ಅಂತ ಕೇಳಿದ್ದೀರಿ. ಇಲ್ಲ, ಸುಮಾರು ಎರಡು ವರ್ಷ ಹಿಡಿಯಿತು.

1996ರ ಮಾರ್ಚ್ 13ರ ಬೆಳಿಗ್ಗೆ, ಸ್ಕಾಟ್ಲೆಂಡಿನ ಆ ಪುಟ್ಟ ಊರಿನ ಪ್ರಾಥಮಿಕ ಶಾಲೆಯ ವ್ಯಾಯಾಮದ ಹಾಲ್‌ನಲ್ಲಿ ಒಂದನೇ ತರಗತಿಯ ಮಕ್ಕಳಿದ್ದರು. ಕೆಲವೇ ನಿಮಿಷಗಳಲ್ಲಿ 16 ಮಕ್ಕಳು, ಅವರ ಶಿಕ್ಷಕಿ ಸತ್ತರು. ಐದಾರು ವರ್ಷದ ಮಕ್ಕಳು! ಕೊಂದವನ ಬಳಿ ಇದ್ದ ನಾಲ್ಕೂ ಕೈಬಂದೂಕುಗಳಿಗೆ ಲೈಸೆನ್ಸ್ ಇತ್ತು. ಅದನ್ನು ರದ್ದು ಮಾಡಿ ಎಂದು ಒಬ್ಬ ಪೊಲೀಸ್ ಅಧಿಕಾರಿ 1991ರಲ್ಲೇ ಬರೆದಿದ್ದರು. ಆದರೂ 1995ರಲ್ಲಿ ನವೀಕರಿಸಿ ಕೊಟ್ಟರು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ.

ಘಟನೆಯ ವಿಚಾರಣೆ ನಡೆಸಿದ ನ್ಯಾಯಾಧೀಶ ಲಾರ್ಡ್ ಕಲೆನ್ ಅವರ ವರದಿ ಪೂರ್ತಿ ನಿಷೇಧ ಕೇಳಿರಲಿಲ್ಲ, ನಿಯಂತ್ರಣ ಬಿಗಿ ಮಾಡಿ ಎಂದಿತ್ತು. ಒತ್ತಡ ಬಂದದ್ದು ಜನರಿಂದ. ಆ ಮಾರ್ಚ್‌ನಲ್ಲಿ ಅಲ್ಲಿ ಅರಳಿದ್ದ ಸ್ನೋಡ್ರಾಪ್ ಎಂಬ ಪುಟ್ಟ ಬಿಳಿ ಹೂವಿನ ಹೆಸರಲ್ಲಿ ಸಹಿ ಸಂಗ್ರಹ ಶುರುವಾಯಿತು. ಏಳು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರೇ ದುಃಖ ನುಂಗಿಕೊಂಡು ರಾಜಕಾರಣಿಗಳ ಮುಂದೆ ಕೂತು ವಾದಿಸಿದರು.

1997ರಲ್ಲಿ ಜಾನ್ ಮೇಜರ್ ಸರ್ಕಾರದ ಕಾನೂನು .22 ಕ್ಯಾಲಿಬರಿನವನ್ನು (ಸಣ್ಣ ಗುಂಡಿನ ಪಿಸ್ತೂಲುಗಳು) ಬಿಟ್ಟು ಉಳಿದ ಹೆಚ್ಚಿನ ಪಿಸ್ತೂಲುಗಳನ್ನು ನಿಷೇಧಿಸಿತು. ಅದೇ ವರ್ಷ ಗೆದ್ದು ಬಂದ ಟೋನಿ ಬ್ಲೇರ್ ಸರ್ಕಾರ ಎರಡನೇ ಕಾನೂನು ತಂದು ಆ .22 ಪಿಸ್ತೂಲುಗಳನ್ನೂ ನಿಷೇಧಕ್ಕೆ ಸೇರಿಸಿತು. ಜನ ಒಂದೂವರೆ ಲಕ್ಷಕ್ಕೂ ಹೆಚ್ಚು ಕೈಬಂದೂಕು ತಂದೊಪ್ಪಿಸಿ ಪರಿಹಾರ ಪಡೆದರು. ಶಾಟ್‌ಗನ್, ರೈಫಲ್‌ಗಳಿಗೆ ಲೈಸೆನ್ಸ್ ಈಗಲೂ ಸಿಗುತ್ತದೆ, ಹಾಗಾಗಿ ‘ಬ್ರಿಟನ್‌ನಲ್ಲಿ ಬಂದೂಕೇ ಇಲ್ಲ’ ಅನ್ನುವುದು ತಪ್ಪು.

ಆ ಹಾಲ್ ಈಗಿಲ್ಲ, ಕೆಡವಿಬಿಟ್ಟರು. ಶಾಲೆ ನಡೆಯುತ್ತಿದೆ.